ಮತ್ಸ್ಯಕ್ಷಾಮಕ್ಕೆ ಒಂದೇ ಕಾರಣ ಬರೆಯಬೇಡ: ಕಡಲು ಓದುವ ಮಗಳಿಗೆ ದೊಡ್ಡಪ್ಪನ ಪತ್ರ

ಮಲ್ಪೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮಳೆ ಹಿಡಿದ ಮೇಲೆ ನಿನ್ನ ದೊಡ್ಡಮ್ಮನ ಮಂಡಿನೋವು ಸ್ವಲ್ಪ ಜಾಸ್ತಿಯಾಗಿದೆ, ಅಷ್ಟೇ. ನೀನು ಕಳಿಸಿದ ಲೇಖನ ಓದಿದೆ. ಪಿಎಚ್‌ಡಿಗೆ ನಮ್ಮ ಅರಬ್ಬಿ ಸಮುದ್ರವನ್ನೇ ಆರಿಸಿಕೊಂಡೆಯಲ್ಲ, ಆ ಸಂತೋಷ ಇನ್ನೂ ಇಳಿದಿಲ್ಲ. ಬರವಣಿಗೆ ಚೆನ್ನಾಗಿದೆ, ಉಪಗ್ರಹದ ಚಿತ್ರಗಳನ್ನು ವಿವರಿಸಿದ ರೀತಿಯೂ ಹಿಡಿಸಿತು. ಆದರೆ ಕೊನೆಗೆ ಬಂದು, ಕರಾವಳಿಯ ಮತ್ಸ್ಯಕ್ಷಾಮಕ್ಕೆ ಹವಾಮಾನ ಬದಲಾವಣೆಯೇ ಕಾರಣ ಅಂತ ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟುಬಿಟ್ಟಿದ್ದೀಯ. ಈ ಕಾಗದ ಬರೆಯುತ್ತಿರುವುದು ಆ ಒಂದು ಸಾಲಿಗಾಗಿ.

ಮೊದಲೇ ಹೇಳಿಬಿಡುತ್ತೇನೆ, ಕಡಲು ಬಿಸಿಯಾಗುತ್ತಿದೆ ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನಾವು ಗಾಳಿಗೆ ತುಂಬಿದ ಇಂಗಾಲದಿಂದಾಗಿ ಭೂಮಿಯಲ್ಲಿ ಉಳಿದುಹೋದ ಹೆಚ್ಚುವರಿ ಶಾಖದಲ್ಲಿ ಶೇ. 90ಕ್ಕೂ ಹೆಚ್ಚು ಪಾಲನ್ನು ನುಂಗಿಕೊಂಡಿರುವುದು ಸಮುದ್ರ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರ ನಡುವೆ ಸುಮಾರು 1 ಡಿಗ್ರಿ ಸೆಲ್ಸಿಯಸ್ ಏರಿತು. ಅದೇ ಅವಧಿಯಲ್ಲಿ ಜಗತ್ತಿನ ಎಲ್ಲ ಸಾಗರಗಳ ಸರಾಸರಿ ಏರಿಕೆ 0.7 ಡಿಗ್ರಿ. ಅಂದರೆ ನಮ್ಮ ಪಾಲಿನ ಕಡಲು ಉಳಿದವುಗಳಿಗಿಂತ ಬೇಗ ಕಾಯುತ್ತಿದೆ. ಬಂಗಾಳ ಕೊಲ್ಲಿಯದ್ದೇ ಕಾಟ ಅಂತ ಇದ್ದ ಚಂಡಮಾರುತ ಈಗ ನಮ್ಮ ಮನೆ ಬಾಗಿಲಿಗೂ ಬಂದಿದೆ. 2019ರ ಒಂದೇ ವರ್ಷದಲ್ಲಿ ಅರಬ್ಬಿ ಸಮುದ್ರದಲ್ಲಿ ಐದು ಎದ್ದವು, ಅದರಲ್ಲಿ ಕ್ಯಾರ್ ಸೂಪರ್ ಸೈಕ್ಲೋನ್ ಆಯಿತು. ಮೀನಿನ ಸೀಸನ್ನಿನ ನಡುವೆಯೇ ಬೋಟುಗಳು ಬಂದರು ಹುಡುಕಿಕೊಂಡು ಓಡಿದವು. 2021ರ ಮೇ ತಿಂಗಳ ತೌಕ್ತೆ ನಮ್ಮ ತೀರವನ್ನು ಹೇಗೆ ಕಿತ್ತಿತು ಅಂತ ನೀನೇ ನೋಡಿದ್ದೀಯ. ಲಕ್ಷದ್ವೀಪದ ಹವಳ 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಬೆಳ್ಳಗಾಯಿತು. ಇವನ್ನೆಲ್ಲ ನಾನು ನಿನಗೆ ಹೇಳಿಕೊಡಬೇಕಾಗಿಲ್ಲ.

ಬೂತಾಯಿಯ, ಅಂದರೆ ಎಣ್ಣೆ ಸಾರ್ಡಿನ್ ಮೀನಿನ, ವಿಷಯಕ್ಕೆ ಬಾ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಬಂತು. 2021ಕ್ಕೆ ಅದು 3,297 ಟನ್ನಿಗೆ ಇಳಿಯಿತು. ಬೋಟು ಬಂದು ಮೀನು ಇಳಿಸುವ ನಮ್ಮ ದಕ್ಕೆಯಲ್ಲೂ ಆಗ ಅದೇ ಗೋಳು. ಆಮೇಲೇನಾಯಿತು? 2023ಕ್ಕೆ ಅಲ್ಲಿ ಮತ್ತೆ ಲಕ್ಷ ಟನ್ ದಾಟಿತು. ಈ ಎರಡು ವರ್ಷದಲ್ಲಿ ಕಡಲೇನು ತಣ್ಣಗಾಗಲಿಲ್ಲವಲ್ಲ! ಮೆಲ್ಲಮೆಲ್ಲನೆ ಒಂದೇ ದಿಕ್ಕಿಗೆ ಏರುವ ಕಾವು, ಹೀಗೆ ನೂರರಿಂದ ಒಂದಕ್ಕೆ ಬಿದ್ದು ಮತ್ತೆ ಎದ್ದು ಬರುವ ಮೀನಿಗೆ ತಾನೊಂದೇ ಕಾರಣವಾಗಲಾರದು. ಇನ್ನೂ ಹಿಂದಕ್ಕೆ ಹೋಗು. 1940ರ ದಶಕದಲ್ಲೂ ಈ ತೀರದಲ್ಲಿ ಬೂತಾಯಿ ಕೈಕೊಟ್ಟಿತ್ತು, ಮರಿ ಹಿಡಿಯಬಾರದು ಅಂತ ಆಗಿನ ಮದ್ರಾಸ್ ಸರ್ಕಾರ ನಿರ್ಬಂಧ ಹಾಕಬೇಕಾಯಿತು. ಈ ಮೀನಿನ ಏಳುಬೀಳು ನಮ್ಮ ಕಾಲದ ಬಿಸಿಗಿಂತ ಹಳೆಯದು. ಎರಡೂವರೆ ವರ್ಷ ಬದುಕುವ ಜೀವ ಅದು. ಒಂದು ಮಳೆಗಾಲ ಕೆಟ್ಟರೆ ಮರಿ ಉಳಿಯುವುದಿಲ್ಲ, ಎರಡು ಕೆಟ್ಟರೆ ಬಲೆ ಬರಿದು.

ಹಾಗಾದರೆ ಮಳೆಗಾಲದಲ್ಲಿ ಏನು ನಡೆಯುತ್ತದೆ? ಹೆಚ್ಚಿನ ವರದಿಗಳು ಹಾರಿಸಿಬಿಡುವ ಜಾಗ ಇದು, ನೀನು ಹಾರಿಸಬೇಡ. ಬಚ್ಚಲಿನಲ್ಲಿ ತಣ್ಣೀರಿನ ಬಕೆಟ್ಟಿಗೆ ಮೆಲ್ಲಗೆ ಬಿಸಿನೀರು ಬಿಟ್ಟರೆ ಮೇಲೆ ಬಿಸಿ, ತಳದಲ್ಲಿ ತಣ್ಣಗೆ ಇರುತ್ತದಲ್ಲ, ಚೊಂಬು ಹಾಕಿ ಕದಡುವವರೆಗೆ ಎರಡೂ ಸರಿಯಾಗಿ ಬೆರೆಯುವುದಿಲ್ಲ. ಕಡಲೂ ಹಾಗೇ. ಬಿಸಿನೀರು ಹಗುರ, ಮೇಲೆ ನಿಲ್ಲುತ್ತದೆ. ಗೊಬ್ಬರದಂಥ ಸತ್ವವೆಲ್ಲ ಕೆಳಗಿನ ತಣ್ಣೀರಿನಲ್ಲಿ. ಮುಂಗಾರಿನ ಗಾಳಿ ತೀರದ ಉದ್ದಕ್ಕೆ ಬೀಸಿ ಮೇಲಿನ ನೀರನ್ನು ಆಚೆ ತಳ್ಳಿದಾಗ ತಳದ ತಣ್ಣೀರು ಎದ್ದು ಬರುತ್ತದೆ. ಆ ಸತ್ವಕ್ಕೆ ಬಿಸಿಲು ಸೇರಿದರೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆಯುತ್ತದೆ. ಅದೇ ಬೂತಾಯಿಯ ಊಟ. ಫ್ರಾಜಿಲೇರಿಯ ಓಷಿಯಾನಿಕಾ ಎಂಬ ಡಯಾಟಮ್ ಹೆಚ್ಚಿದ ಕಡೆ ಬೂತಾಯಿ ಹೆಚ್ಚು ಅಂತ ನಮ್ಮ ದೇಶದ ವಿಜ್ಞಾನಿಗಳು 1955ರಷ್ಟು ಹಿಂದೆಯೇ ಬರೆದರು. ತೂಫಾನ್ ಆಗದೆ ಮೀನಿಲ್ಲ ಅಂತ ಬೋಟು ನಡೆಸುವ ನಮ್ಮ ತಂಡೇಲರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಕಡಲು ಒಮ್ಮೆ ಬುಡಮೇಲಾಗಿ ಕದಡಬೇಕು. ಮೇಲಿನ ಪದರ ಕಾದಷ್ಟೂ ಈ ಕದಡುವಿಕೆಗೆ ಅಡ್ಡಿ. ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಈ ಸೂಕ್ಷ್ಮ ಸಸ್ಯಗಳು ಆರು ದಶಕಗಳಲ್ಲಿ ಶೇ. 20ರವರೆಗೂ ಕುಗ್ಗಿವೆ ಎಂದು ಪುಣೆಯ ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದ್ದು ಇದೇ ಕಾರಣ ಮುಂದಿಟ್ಟು. ಬಿಸಿಗೂ ಮೀನಿಗೂ ನಡುವೆ ಗಾಳಿ ಇದೆ, ಪದರ ಇದೆ, ಪಾಚಿ ಇದೆ. ಈ ಮೆಟ್ಟಿಲುಗಳಲ್ಲಿ ಒಂದನ್ನೂ ಬಿಡದೆ ಹತ್ತಿ ಇಳಿದು ತೋರಿಸಿದರೆ ನಿನ್ನ ಮಾತನ್ನು ಯಾರೂ ಅಲ್ಲಗಳೆಯಲಾರರು.

ಏಳುವ ತಣ್ಣೀರಿಗೆ ಇನ್ನೊಂದು ಮುಖ ಇದೆ. ಅದರಲ್ಲಿ ಸತ್ವ ಇದ್ದಂತೆ ಆಮ್ಲಜನಕ ಇಲ್ಲ. ಅರಬ್ಬಿ ಸಮುದ್ರದ ಸುಮಾರು 150 ಮೀಟರಿನಿಂದ ಸಾವಿರ ಮೀಟರಿನವರೆಗಿನ ನೀರು ಜಗತ್ತಿನಲ್ಲೇ ಅತ್ಯಂತ ಉಸಿರುಗಟ್ಟಿದ ನೀರುಗಳಲ್ಲಿ ಒಂದು. ಮಳೆಗಾಲದಲ್ಲಿ ಅದರ ಅಂಚು ಮೆಲ್ಲಗೆ ನಮ್ಮ ತೀರದ ಬುಡಕ್ಕೆ ಏರುತ್ತದೆ. ಮೇಲೆ ಶರಾವತಿ, ಕಾಳಿ, ನೇತ್ರಾವತಿಗಳು ತಂದು ಸುರಿದ ಸಿಹಿನೀರಿನ ತೆಳು ಹೊದಿಕೆ ಬೇರೆ. ಗಾಳಿಯ ಆಮ್ಲಜನಕ ಕೆಳಗಿಳಿಯಲು ದಾರಿಯೇ ಇಲ್ಲ. ಮೇಲೆ ಬೆಳೆದ ಪಾಚಿ ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ಅಳಿದುಳಿದದ್ದೂ ಖರ್ಚು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಕಾಂಡೋಲಿಂ ಎದುರಿನ ಒಂದೇ ಜಾಗದಲ್ಲಿ 1997ರಿಂದ ಇದನ್ನು ಅಳೆಯುತ್ತ ಬಂದಿದ್ದಾರೆ. 1999ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಪಶ್ಚಿಮ ತೀರದ ತಳದ ನೀರಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇತ್ತು ಅಂತ ಎಸ್. ಡಬ್ಲ್ಯೂ. ಎ. ನಖ್ವಿ ಮತ್ತು ಜೊತೆಗಾರರು 2000ದಲ್ಲಿ ವರದಿ ಮಾಡಿದರು. ಅಂಥ ನೀರು ನೈಟ್ರಸ್ ಆಕ್ಸೈಡನ್ನೂ ಉಗುಳುತ್ತದೆ. ಅದೂ ಭೂಮಿಯನ್ನು ಕಾಯಿಸುವ ಅನಿಲವೇ.

ಇದನ್ನು ನಾನು ಓದಿ ನಂಬಿದವನಲ್ಲ, ಬಾಟಲಿಯಲ್ಲಿ ಕಂಡವನು. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನ ನಿನಗೆ ಗೊತ್ತು, 1888ರದ್ದು, ಈಗಿನ ಹುಡುಗರು ಸೆನ್ಸರ್ ಇದೆಯಲ್ಲ ಅಂತ ಬದಿಗಿಟ್ಟಿದ್ದಾರೆ. ತಳದ ನೀರನ್ನು ಒಂದು ಗುಳ್ಳೆಯೂ ಸೇರದಂತೆ, ಬಾಯಿ ತುಂಬಿ ಚೆಲ್ಲುವವರೆಗೆ ಗಾಜಿನ ಬಾಟಲಿಗೆ ಇಳಿಸಬೇಕು. ಪಿಪೆಟ್ಟಿನ ತುದಿಯನ್ನು ನೀರಿನೊಳಗೆ ಮುಳುಗಿಸಿ ಮ್ಯಾಂಗನೀಸ್ ದ್ರಾವಣ ಬಿಡು, ಆಮೇಲೆ ಕ್ಷಾರದ ಅಯೋಡೈಡ್. ಬಿರಡೆ ಒತ್ತಿ ಬಾಟಲಿಯನ್ನು ತಲೆಕೆಳಗು ಮಾಡಿ ಆಡಿಸು. ಒಳ್ಳೆಯ ನೀರಾದರೆ ಕ್ಷಣದಲ್ಲಿ ಕಂದು ಮೋಡ ಕವಿಯುತ್ತದೆ. ಮಳೆಗಾಲದ ಕೊನೆಯಲ್ಲಿ ನಮ್ಮ ತೀರದ ತಳದಿಂದ ತೆಗೆದ ನೀರಿನಲ್ಲಿ ನನಗೆ ಮೋಡ ಬಂದದ್ದು ಬಿಳಿ. ಬೆಳ್ಳಗಿನ ಹಿಟ್ಟು ಹಾಗೇ ತಳ ಸೇರಿತು. ಅದರಲ್ಲಿ ಉಸಿರೇ ಇರಲಿಲ್ಲ. ದೋಣಿಯಲ್ಲಿ ಜೊತೆಗಿದ್ದ ಮೊಗವೀರ ಯುವಕ ಅದನ್ನು ನೋಡಿ, ಹಾಗಾದರೆ ತಳದ ಮೀನು ಎಲ್ಲಿಗೆ ಹೋಗಬೇಕು ಅಂತ ಕೇಳಿದ. ಕೆಲವು ತೀರದ ಕಡೆ ಒತ್ತರಿಸಿಕೊಂಡು ಬರುತ್ತವೆ, ಆಗ ಒಂದೇ ಎಳೆತಕ್ಕೆ ಬಲೆ ತುಂಬಿ, ಮೀನು ಹೆಚ್ಚಿದೆ ಅಂತ ದಕ್ಕೆಯಲ್ಲಿ ಸಂಭ್ರಮ. ಹಿಡಿದ ಲೆಕ್ಕ ನೋಡಿ ಕಡಲಿನ ಆರೋಗ್ಯ ಹೇಳಬಾರದು ಅನ್ನುವುದು ಇದಕ್ಕೇ. ನೀನು ಸೆನ್ಸರ್ ಬಳಸು, ಖಂಡಿತ ಬಳಸು. ಆದರೆ ಸೆನ್ಸರಿನ ಲೆಕ್ಕ ದಿನ ಕಳೆದಂತೆ ತಪ್ಪುತ್ತ ಹೋಗುತ್ತದೆ, ತಾಳೆ ನೋಡಲು ಈ ಬಾಟಲಿಯೇ ಬೇಕು. ಕೈಯಾರೆ ಕಲಿ.

ಈಗ ನಿನ್ನ ಉಪಗ್ರಹದ ಮಾತು. ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇನ್‌ಕಾಯ್ಸ್‌ನವರು ಹೈದರಾಬಾದಿನಿಂದ ಕೊಡುವ ಮೀನಿನ ಸೂಚನೆ ನಮ್ಮ ಬೋಟಿನವರಿಗೆ ಡೀಸೆಲ್ ಉಳಿಸಿದೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಯೋಚಿಸು. ಉಪಗ್ರಹ ಕಾಣುವುದು ಕಡಲಿನ ಮೇಲಿನ ಚರ್ಮವನ್ನು ಮಾತ್ರ. ಪಾಚಿಯ ಬಣ್ಣ ಓದುವ ಕಣ್ಣಿಗೆ ಮೋಡ ಅಡ್ಡ ಬಂದರೆ ಏನೂ ಕಾಣದು. ಜಗತ್ತಿನ ಸಾಗರಗಳಲ್ಲಿ ಸುಮಾರು 4,000 ಆರ್ಗೋ ಎಂಬ ತೇಲುವ ಅಳತೆ ಯಂತ್ರಗಳು ಎರಡು ಸಾವಿರ ಮೀಟರಿಗೆ ಮುಳುಗಿ ಎದ್ದು ಲೆಕ್ಕ ಕಳಿಸುತ್ತಿವೆ, ಅವು ಆಳದ ಕಡಲಿಗಾಗಿ ಮಾಡಿದವು, ನಮ್ಮ ದಡದ ಆಳ ಕಡಿಮೆ ಇರುವ ನೀರಿಗೆ ಒದಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಹಾಗಾಗಿ ದಕ್ಕೆಯ ಲೆಕ್ಕವೂ ತೆಳು. ತಣ್ಣೀರು ಏಳುವ, ಮೊಟ್ಟೆ ಒಡೆದು ಮರಿಯಾಗುವ, ಇಡೀ ವರ್ಷದ ಹಣೆಬರಹ ಬರೆಯುವ ತಿಂಗಳುಗಳಲ್ಲೇ ನಮ್ಮ ಕಣ್ಣು ಮುಚ್ಚಿರುತ್ತದೆ. ಹೀಗಿರುವಾಗ ಕಾರಣ ಇಂಥದ್ದೇ ಅಂತ ಅಷ್ಟು ಧೈರ್ಯವಾಗಿ ಬರೆಯಲು ಹೇಗೆ ಸಾಧ್ಯ, ಪುಟ್ಟಿ?

ಒಂದೇ ಕಾರಣ ಬರೆದರೆ ಇನ್ನೂ ಒಂದು ಅನ್ಯಾಯವಾಗುತ್ತದೆ. ಇದನ್ನು ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಸುತ್ತುವರಿದು ಬಿಗಿಯುವ ಪರ್ಸೀನ್ ಬಲೆ ಬಂದ ಮೇಲೆ, ದಡದಲ್ಲಿ ನಿಂತು ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಆಮೇಲೆ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲ್, ಕತ್ತಲಲ್ಲಿ ದೀಪ ಹಚ್ಚಿ ಮೀನು ಸೆಳೆಯುವ ಕಸುಬು. ಕೇಂದ್ರ ಸರ್ಕಾರ 2017ರಲ್ಲಿ ಇವೆರಡನ್ನೂ ನಿಷೇಧಿಸಿದ ಮೇಲೂ ಗಲಾಟೆ ನಿಂತಿಲ್ಲ. ಬೆರಳುದ್ದದ ಬಂಗುಡೆ ಮರಿ, ಬೂತಾಯಿ ಮರಿಗಳು ಲಾರಿಗಟ್ಟಲೆ ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಹೋಗುವುದನ್ನು ನಾನು ಈ ದಕ್ಕೆಯಲ್ಲೇ ನಿಂತು ನೋಡಿದ್ದೇನೆ. ಬೋಟಿನವರು ಕಾರ್ಗಿಲ್ ಎನ್ನುವ ಕೆಂಪು ಹಲ್ಲಿನ ಕಡುನೀಲಿ ಮೀನು, ತಿನ್ನುವವರಿಲ್ಲದೆ, ಅದೇ ದಾರಿ ಹಿಡಿಯುತ್ತದೆ. ನದಿಗೆ ಅಣೆಕಟ್ಟು, ಅಳಿವೆಗೆ ಹೂಳು, ಕಡಲ್ಕೊರೆತ ತಡೆಯಲು ಸುರಿದ ಕಲ್ಲು. ಇವುಗಳ ಪಾಲೂ ಇದೆ. ಎಲ್ಲವನ್ನೂ ಹವಾಮಾನದ ಮೇಲೆ ಹಾಕಿದರೆ, ನಾಳೆಯೇ ಸರಿಪಡಿಸಬಹುದಾದ ತಪ್ಪನ್ನು ಮಾಡುವವರು ಆರಾಮಾಗಿ ತಲೆಯಾಡಿಸಿ ನಿನ್ನ ಲೇಖನವನ್ನೇ ಗುರಾಣಿ ಮಾಡಿಕೊಳ್ಳುತ್ತಾರೆ. ಬಿಸಿಯಿಂದ ಬಳಲಿದ ಮೀನಿಗೆ ಮರಿ ಉಳಿಸಿಕೊಳ್ಳುವ ಅವಕಾಶವನ್ನಾದರೂ ಬಿಡಬೇಕು ಅನ್ನುವ ವಾದಕ್ಕೆ ನಿನ್ನಂಥವರ ಕೈಯಲ್ಲಿ ಲೆಕ್ಕ ಇರಬೇಕು. ಎಷ್ಟು ಪಾಲು ಬಲೆಯದು, ಎಷ್ಟು ಪಾಲು ನೀರಿನದು ಅಂತ ಬಿಡಿಸಿ ಹೇಳುವುದೇ ನಿನ್ನ ಕೆಲಸ.

ಹೀಗೆ ಮಾಡು. ಯಾಂತ್ರಿಕ ಬೋಟುಗಳು ನಿಂತಾಗಲೂ ನಮ್ಮ ನಾಡದೋಣಿಗಳು ಕಡಲು ಕೊಟ್ಟ ದಿನ ಇಳಿಯುತ್ತವೆ. ಅವರ ಕೈಗೆ ಒಂದು ಥರ್ಮಾಮೀಟರು, ಹಗ್ಗ ಕಟ್ಟಿ ತಳದ ನೀರು ತೆಗೆಯುವ ಬಾಟಲಿ ಕೊಟ್ಟು ನೋಡು. ಅವರಿಗೆ ದುಡಿಮೆಯ ಹೊತ್ತು ಹಾಳಾಗುತ್ತದೆ, ಅದಕ್ಕೆ ಪ್ರಾಜೆಕ್ಟಿನಲ್ಲಿ ಹಣ ಇಡು, ಬಿಟ್ಟಿ ಮಾಡಿಸಬೇಡ. ಅವರು ಹೇಳುವ ನೀರಿನ ಬಣ್ಣ, ಸೆಳೆತದ ದಿಕ್ಕು, ಹಕ್ಕಿ ಕೂತ ಜಾಗ ಎಲ್ಲವನ್ನೂ ತಾರೀಖು ಹಾಕಿ ಬರೆದುಕೋ. ದಕ್ಕೆಗೆ ಬಂದ ಬೂತಾಯಿಯ ಉದ್ದ ಅಳೆದು ಸುಮ್ಮನಾಗಬೇಡ, ಹೊಟ್ಟೆ ಸೀಳಿ ನೋಡು. ಕರುಳಿನ ಸುತ್ತ ಬಿಳಿ ಕೊಬ್ಬು ಕಟ್ಟಿ ಬೆರಳಿಗೆ ಎಣ್ಣೆ ಹತ್ತಿದರೆ ಮೇವು ಸಿಕ್ಕಿದೆ. ಕರುಳು ದಾರದಂತಿದ್ದರೆ ಆ ವಾರದ ನೀರಿನ ಲೆಕ್ಕ ತೆಗೆದು ಜೋಡಿಸು. ನಿನ್ನ ಉಪಗ್ರಹದ ಚಿತ್ರಕ್ಕೆ ಆಗ ತಳ ಸಿಗುತ್ತದೆ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಹಳೆಯ ದಶಕಗಳ ಲೆಕ್ಕವನ್ನೂ ಬಿಡಬೇಡ. ಬಂಗುಡೆ ಮೇಲ್ನೀರು ಬಿಟ್ಟು ಆಳಕ್ಕೆ ಇಳಿಯುತ್ತಿದೆ, ಬೂತಾಯಿ ಉತ್ತರಕ್ಕೆ, ಪೂರ್ವ ಕರಾವಳಿಗೆ ಹರಡಿದೆ ಅನ್ನುವುದು ಅವರಿಗೆ ಗೊತ್ತಾದದ್ದು ದಿನದಿನವೂ ದಕ್ಕೆಯಲ್ಲಿ ನಿಂತು ಬುಟ್ಟಿ ಎಣಿಸಿದವರಿಂದ.

ಮೀನುಗಾರರ ಸಭೆಯಲ್ಲಿ ಮಾತಾಡಲು ಕರೆದರೆ ಕಡಲು ಸತ್ತೇಹೋಯಿತು ಅಂತ ಹೆದರಿಸಬೇಡ. ಸಾಲ ತೆಗೆದು ಬೋಟು ಕಟ್ಟಿದವರು ಎದುರಿಗೆ ಕೂತಿರುತ್ತಾರೆ. ಗೊತ್ತಿರುವುದನ್ನು ಸ್ಪಷ್ಟವಾಗಿ ಹೇಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು, ಅವರು ಅದಕ್ಕೆ ಮರ್ಯಾದೆ ಕೊಡುತ್ತಾರೆ.

ಲೇಖನ ಅಚ್ಚಿಗೆ ಹೋಗುವ ಮುಂಚೆ ಆ ಸಾಲು ತಿದ್ದಿ ಮತ್ತೊಮ್ಮೆ ಕಳಿಸು. ನನ್ನ ಹಳೆಯ ನೋಟ್‌ಬುಕ್‌ಗಳನ್ನು ದೊಡ್ಡಮ್ಮ ಅಟ್ಟದಿಂದ ಇಳಿಸಿ ಒಣಗಿಸಿಟ್ಟಿದ್ದಾಳೆ. ಕೆಲವು ಪುಟಗಳಿಗೆ ಗೆದ್ದಲು ತಾಗಿದೆ, ತಳದ ನೀರಿನ ಉಷ್ಣತೆಯ ಪುಟಗಳು ಉಳಿದಿವೆ. ಸ್ಕ್ಯಾನ್ ಮಾಡಲು ನೀನೇ ಬರಬೇಕು. ಆಗಸ್ಟ್ ಕೊನೆಗೆ ಬರುವುದಾದರೆ ವಾರ ಮುಂಚೆ ಫೋನ್ ಮಾಡು, ನಾಡದೋಣಿಯವರ ಹತ್ತಿರ ಮಾತಾಡಿ ಇಡುತ್ತೇನೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ದೋಣಿ ಹತ್ತಬೇಡ, ಗಂಜಿ ಉಂಡೇ ಹೋಗಬೇಕು. ವಿಂಕ್ಲರ್ ಬಾಟಲಿಗಳನ್ನೂ ಆ ಪರೀಕ್ಷೆಗೆ ಬೇಕಾದ ಹೊಸ ಥಯೋಸಲ್ಫೇಟನ್ನೂ ನಿನ್ನ ಲ್ಯಾಬಿನಿಂದಲೇ ತಾ, ಇಲ್ಲಿ ನನ್ನ ಹತ್ತಿರ ಇರುವುದು ಹಳತು.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ