ಹಿಂದಿನ ಗೇಟು ಮುಚ್ಚಬೇಡಿ

ಸಂಪಾದಕರಿಗೆ ನಮಸ್ಕಾರ.

ಗದಗಿನ ನಮ್ಮ ಓಣಿಯ ಬೆನ್ನಿಗೇ ಒಂದು ಜಿನ್ನಿಂಗ್ ಫ್ಯಾಕ್ಟರಿ, ಅಂದರೆ ಹತ್ತಿಯಿಂದ ಕಾಳು ಬೇರೆ ಮಾಡುವ ಕಾರ್ಖಾನೆ ಇತ್ತು. ಅದು ಬಂದಾಗಿ ಇಪ್ಪತ್ತು ವರ್ಷದ ಮೇಲಾಯಿತು. ಹೋದ ತಿಂಗಳು ಅದರ ಮುಂದಿನ ಗೇಟಿಗೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದಾರೆ. ನಾಲ್ಕು ಅಂತಸ್ತಿನ ಶಾಪಿಂಗ್ ಸೆಂಟರ್, ಮುಂದೆಲ್ಲ ಗಾಜು, ಕೆಳಗೆ ಪಾರ್ಕಿಂಗ್, ಮೇಲೆ ಸಿನಿಮಾ. ಚಿತ್ರ ಚೆಂದ ಇದೆ. ನನ್ನ ಹೊಲಿಗೆ ಅಂಗಡಿ ಮುಚ್ಚಿ ಮನೆಗೆ ಬರುವಾಗ ಮೂರು ದಿನ ನಿಂತು ನೋಡಿದೆ. ಮೂರನೇ ದಿನ ಗೊತ್ತಾಯಿತು, ಆ ಚಿತ್ರದಲ್ಲಿ ನಮ್ಮ ಓಣಿಯೇ ಇಲ್ಲ. ನಮ್ಮ ಕಡೆ ಉದ್ದಕ್ಕೂ ಬರೀ ಗೋಡೆ. ಗೋಡೆಗೆ ಅಂಟಿಕೊಂಡು ಜನರೇಟರ್, ಅದರ ಪಕ್ಕ ಲಾರಿಯಿಂದ ಸಾಮಾನು ಇಳಿಸುವ ಜಾಗ. ಹಿಂದಿನ ಗೇಟು ಎಲ್ಲಿ ಅಂತ ಹುಡುಕಿದೆ. ಕಾಣಲಿಲ್ಲ.

ಶಾಪಿಂಗ್ ಸೆಂಟರ್ ಬೇಡ ಅಂತ ಹೇಳಲು ಈ ಪತ್ರ ಬರೆಯುತ್ತಿಲ್ಲ. ಕಟ್ಟಲಿ. ಹಾಳುಬಿದ್ದ ಜಾಗದಲ್ಲಿ ಬಳ್ಳಾರಿ ಜಾಲಿ ಬೆಳೆದು, ಸಂಜೆಯಾದರೆ ಹುಡುಗಿಯರು ಆ ಕಡೆ ಹೋಗಲು ಹೆದರುತ್ತಾರೆ. ನಾಲ್ಕು ಜನಕ್ಕೆ ಕೆಲಸ ಸಿಕ್ಕರೆ ಒಳ್ಳೆಯದೇ. ಇನ್ನೊಂದು ಮಾತು ಗಂಡಸರಿಗೆ ತಿಳಿಯಲಿಕ್ಕಿಲ್ಲ. ಸಂತೆಗೆ ಬಂದ ಹೆಂಗಸರಿಗೆ ಒಂದು ಸ್ವಚ್ಛ ಶೌಚಾಲಯ ಸಿಗುವುದು ನಮ್ಮೂರಲ್ಲಿ ಇವತ್ತಿಗೂ ಕಷ್ಟ. ಶಾಪಿಂಗ್ ಸೆಂಟರ್ ಬಂದರೆ ಅದೊಂದು ಸಿಗುತ್ತದೆ. ನನ್ನ ತಕರಾರು ಗೇಟಿನದ್ದು ಮಾತ್ರ.

ಫ್ಯಾಕ್ಟರಿಗೆ ಎರಡು ಗೇಟು. ಮುಂದಿನದು ಚಕ್ಕಡಿ, ಲಾರಿಗಳಿಗೆ. ಹತ್ತಿ ತುಂಬಿದ ಅಂಡಿಗೆ ಅಲ್ಲಿಂದ ಒಳಗೆ ಬರುತ್ತಿದ್ದವು. ಹಿಂದಿನದು ನಮ್ಮ ಓಣಿಗೆ ತೆರೆಯುವ ಸಣ್ಣ ಕಬ್ಬಿಣದ ಗೇಟು. ಕೆಲಸದ ಹೆಂಗಸರೆಲ್ಲ ಅಲ್ಲಿಂದಲೇ ಬಂದು ಹೋಗುವುದು. ಪಾಳಿ ಬಿಡುವ ಹೊತ್ತಿಗೆ ಆ ಗೇಟು ತೆರೆದಿರುತ್ತಿತ್ತು. ಆಗ ಓಣಿಯವರೂ ಫ್ಯಾಕ್ಟರಿ ಅಂಗಳ ದಾಟಿ ಪೇಟೆಗೆ ಹೋಗಿಬಿಡುತ್ತಿದ್ದರು. ವಾಚ್‌ಮನ್ ಸುಮ್ನೆ ಇರುತ್ತಿದ್ದ. ಐದು ನಿಮಿಷದಲ್ಲಿ ಟಾಂಗಾಕೂಟದ ದಾರಿ ಸಿಗುತ್ತಿತ್ತು. ಫ್ಯಾಕ್ಟರಿ ಮುಚ್ಚಿದ ಮೇಲೆ ಗೇಟಿಗೆ ಸರಪಳಿ ಬಿತ್ತು. ಅವತ್ತಿನಿಂದ ನಾವು ಸುತ್ತು ಹಾಕಿ ಹೋಗುತ್ತೇವೆ. ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಕು. ಮೊಣಕಾಲು ನೋವಿನವರು ಆಟೋಕ್ಕೆ ದುಡ್ಡು ಕೊಡಬೇಕು.

ನಮ್ಮವ್ವ ಅಲ್ಲಿ ಹತ್ತೊಂಬತ್ತು ಸುಗ್ಗಿ ದುಡಿದಳು. ವರ್ಷ ಅಲ್ಲ, ಸುಗ್ಗಿ. ಜಿನ್ನಿಂಗ್ ಕೆಲಸ ವರ್ಷಪೂರ್ತಿ ಇರುವುದಿಲ್ಲ. ನಮ್ಮ ಕಡೆಯ ಹತ್ತಿ ಬಿಡಿಸುವ ಕಾಲಕ್ಕೆ ಶುರುವಾಗಿ ಬೇಸಿಗೆ ಮುಗಿಯುವ ಹೊತ್ತಿಗೆ ನಿಲ್ಲುತ್ತದೆ. ಜಿನ್ನುಗಳು ಸಾಲಾಗಿ ಇರುತ್ತಿದ್ದವು. ಒಂದೊಂದಕ್ಕೆ ಒಬ್ಬೊಬ್ಬ ಹೆಂಗಸು. ಕಟ್ಟೆ ಮೇಲೆ ಕೂತು ಕೈಯಿಂದ ಹತ್ತಿ ತಳ್ಳುವುದು. ಚರ್ಮದ ಎರಡು ರೋಲರ್ ಒಂದರ ಪಕ್ಕ ಒಂದು ತಿರುಗುತ್ತವೆ. ಅವು ಅರಳೆಯನ್ನು ಎಳೆದುಕೊಳ್ಳುತ್ತವೆ. ಹತ್ತಿಕಾಳಿಗೆ ರೋಲರ್ ಮತ್ತು ಬ್ಲೇಡಿನ ನಡುವೆ ನುಗ್ಗಲು ಆಗುವುದಿಲ್ಲ. ಅದನ್ನು ಇನ್ನೊಂದು ಬ್ಲೇಡು ಬಡಿದು ಕೆಳಗೆ ಬೀಳಿಸುತ್ತದೆ. ನಾನು ಬುತ್ತಿ ಕೊಡಲು ಹೋದಾಗ ಅವ್ವನ ಗುರುತೇ ಸಿಗುತ್ತಿರಲಿಲ್ಲ. ಸೆರಗಿನಿಂದ ಮೂಗು ಬಾಯಿ ಬಿಗಿದು ಕಟ್ಟಿರುತ್ತಿದ್ದಳು. ಹುಬ್ಬು, ರೆಪ್ಪೆ, ತಲೆ ಎಲ್ಲಾ ಬೆಳ್ಳಗೆ. ಕಣ್ಣು ಮಾತ್ರ ಕೆಂಪಗೆ. ಬೆರಳಿಂದ ಮುಟ್ಟಿದರೆ ಸಾಕು, ಇದು ಜಯಧರ, ಇದು ವರಲಕ್ಷ್ಮಿ ಅಂತ ಹೇಳುತ್ತಿದ್ದಳು. ವರಲಕ್ಷ್ಮಿ 1972ರಲ್ಲಿ ನಮ್ಮ ಧಾರವಾಡದಲ್ಲೇ ಹೊರಬಂದ ಹೈಬ್ರಿಡ್ ತಳಿ. ಅದರ ಎಳೆ ಉದ್ದ, ರೇಷ್ಮೆಯ ಹಾಗೆ ನುಣುಪು. ಜಯಧರ ಒರಟು, ಗಿಡ್ಡ ಎಳೆ. ಓದು ಬರಹ ಬಾರದ ಅವ್ವನಿಗೆ ಇದೆಲ್ಲ ಕೈಯಲ್ಲೇ ಗೊತ್ತಿತ್ತು.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಲ್ಲಿ ಬೆಂಕಿ ಬಿತ್ತು. ಹತ್ತಿಯ ಜೊತೆ ಒಂದು ಕಲ್ಲೋ ಮೊಳೆಯೋ ಹೋಗಿ ಕಬ್ಬಿಣಕ್ಕೆ ಬಡಿದರೆ ಕಿಡಿ ಹಾರುತ್ತದೆ. ಅವತ್ತೂ ಹಾಗೇ ಆಯಿತಂತೆ. ಅರಳೆಯ ಬೆಂಕಿ ಕಟ್ಟಿಗೆಯ ಬೆಂಕಿಯಂತಲ್ಲ. ತೊಲೆ ಮೇಲೆ, ಗೋಡೆ ಮೇಲೆ ಕೂತ ಹತ್ತಿಯ ಧೂಳು ಹಿಡಿದುಕೊಂಡು ಓಡುತ್ತದೆ. ಮುಂದಿನ ಬಾಗಿಲ ಕಡೆ ಅಂಡಿಗೆ ಒಟ್ಟಿದ್ದರು, ಆ ದಾರಿ ಹೊತ್ತಿಕೊಂಡಿತು. ಹೆಂಗಸರು ಹಿಂದಿನ ಗೇಟಿಗೆ ಓಡಿಬಂದರು. ಅದಕ್ಕೆ ಬೀಗ. ಯಾರೂ ಹತ್ತಿ ಕದಿಯಬಾರದು ಅಂತ ಪಾಳಿ ನಡುವೆ ಬೀಗ ಹಾಕುತ್ತಿದ್ದರು. ನಾವು ಮಕ್ಕಳು ಈ ಕಡೆ ಓಣಿಯಲ್ಲಿ ನಿಂತಿದ್ದೆವು. ಗೇಟಿನ ಸರಳಿನಿಂದ ಕೈಗಳು ಹೊರಗೆ ಬಂದಿದ್ದವು. "ಬಾಗಲಾ ತಗಿಯೋ ತಮ್ಮಾ, ಬಾಗಲಾ ತಗಿ!" ಅನ್ನುವ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆ ಕೈಗಳಲ್ಲಿ ಅವ್ವನ ಕೈ ಯಾವುದು ಅಂತ ನಾನು ಹಸಿರು ಬಳೆ ಹುಡುಕುತ್ತಿದ್ದೆ. ವಾಚ್‌ಮನ್ ಎಲ್ಲಿಂದಲೋ ಓಡಿಬಂದು ಬೀಗ ತೆಗೆದ. ಎಲ್ಲರೂ ಹೊರಗೆ ಬಂದರು. ಯಾರ ಜೀವವೂ ಹೋಗಲಿಲ್ಲ. ಅವ್ವನ ಸೆರಗಿನ ತುದಿ ಸುಟ್ಟಿತ್ತು. ಪ್ರೆಸ್ ಆದ ಬೇಲುಗಳು, ಅಂದರೆ ಅರಳೆಯನ್ನು ಒತ್ತಿ ಕಟ್ಟಿದ ಮೂಟೆಗಳು, ಒಳಗೊಳಗೇ ಬೇಯುತ್ತಾ ಮೂರು ದಿನ ಹೊಗೆಯಾಡಿದವು. ಅದಾದ ಮೇಲೆ ಮಾಲೀಕರು ಕೆಲಸ ನಡೆಯುವ ಹೊತ್ತಿನಲ್ಲಿ ಬೀಗದ ಕೈಯನ್ನು ಗೇಟಿನ ಪಕ್ಕದ ಮೊಳೆಗೇ ನೇತುಹಾಕಿಸಿದರು. ಆ ಮೊಳೆ ಈಗಲೂ ಗೋಡೆಯಲ್ಲಿದೆ.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ಹಳೇ ಮಿಲ್ಲಿನ ಜಾಗದಲ್ಲಿ ಅಂಗಡಿ ಹೋಟೆಲು ಬಂದ ಮೇಲೂ ಬಾಗಿಲಿನ ಮಾತು ಮುಗಿಯುವುದಿಲ್ಲ. ಮುಂಬೈಯಲ್ಲಿ ಕಮಲಾ ಮಿಲ್ಸ್ ಆವರಣ ಅಂತ ಇದೆ. 2017ರ ಡಿಸೆಂಬರ್ 29ರ ನಡುರಾತ್ರಿ ಅಲ್ಲಿ ಮೇಲಂತಸ್ತಿನ ಹೋಟೆಲಿಗೆ ಬೆಂಕಿ ಬಿದ್ದು 14 ಜನ ಸತ್ತರು. ಜಾಸ್ತಿ ಜನ ಸತ್ತದ್ದು ಶೌಚಾಲಯದೊಳಗೆ ಉಸಿರು ಕಟ್ಟಿ. ಹೊರಗೆ ಹೋಗಲು ದಾರಿ ಸಿಗದೆ ಅಲ್ಲಿ ಹೊಕ್ಕಿದ್ದರು. ಟಿವಿಯಲ್ಲಿ ಆ ಸುದ್ದಿ ಬಂದಾಗ ಅವ್ವ ಎದ್ದು ಹೋಗಿ ನಮ್ಮ ಮನೆಯ ಹಿತ್ತಲ ಬಾಗಿಲ ಚಿಲಕ ತೆಗೆದು ಬಂದಳು. ಒಂದು ಮಾತೂ ಆಡಲಿಲ್ಲ.

ಮುಂಬೈ ಅಂದಾಗ ನನ್ನ ಸೋದರಮಾವನ ನೆನಪಾಗುತ್ತದೆ. ಅವರು ಲೋವರ್ ಪರೇಲ್‌ನ ಒಂದು ಬಟ್ಟೆ ಮಿಲ್ಲಿನಲ್ಲಿ ಸಾಂಚಾ, ಅಂದರೆ ಮಗ್ಗ ನಡೆಸುತ್ತಿದ್ದರು. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾಯಿತು. ಎರಡು ಲಕ್ಷಕ್ಕಿಂತ ಜಾಸ್ತಿ ಕಾರ್ಮಿಕರು ಹೊರಗೆ ಬಂದರು. ಮಾವ ಒಂದು ಟ್ರಂಕು ಹೊತ್ತು ಗದಗಿಗೆ ಬಂದವರು ತಿರುಗಿ ಹೋಗಲಿಲ್ಲ. ಆಮೇಲೆ ಆ ಮಿಲ್ಲುಗಳ ಜಾಗ ಏನಾಯಿತು ಅನ್ನುವುದನ್ನು ಅವರು ಸಾಯುವ ತನಕ ಪೇಪರಿನಲ್ಲಿ ಹುಡುಕಿ ಓದುತ್ತಿದ್ದರು. 1991ರಲ್ಲಿ ಅಲ್ಲಿ ಒಳ್ಳೆಯ ನಿಯಮ ಬಂದಿತ್ತು. ಮಿಲ್ಲಿನ ಜಾಗ ಹೊಸದಾಗಿ ಕಟ್ಟುವುದಾದರೆ ಮೂರರಲ್ಲಿ ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಬಡವರ ಮನೆಗೆ, ಉಳಿದ ಪಾಲು ಮಾಲೀಕರಿಗೆ. 2001ರಲ್ಲಿ ಅದನ್ನು ತಿದ್ದಿದರು. ಕಟ್ಟಡ ನಿಂತ ಜಾಗ ಲೆಕ್ಕಕ್ಕಿಲ್ಲ, ಖಾಲಿ ಬಿದ್ದ ಜಾಗದಲ್ಲಿ ಮಾತ್ರ ಪಾಲು ಅಂತ ಆಯಿತು. 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಮಿಲ್ಲಿನ ಜಾಗದಲ್ಲಿ ಖಾಲಿ ಎಷ್ಟಿರುತ್ತದೆ ಹೇಳಿ? ಎಲ್ಲಾ ಕಟ್ಟಡವೇ ಅಲ್ವಾ? ಜನಕ್ಕೆ ಸಿಗಬೇಕಾದ ಬಯಲು ಒಂದು ಸಾಲಿನ ತಿದ್ದುಪಡಿಯಲ್ಲಿ ಚಿಕ್ಕದಾಗಿಹೋಯಿತು. ಕಾಗದದ ಮೇಲೆ ಗೆರೆ ಎಳೆಯುವಾಗಲೇ ಮಾತಾಡಬೇಕು, ಗೋಡೆ ಎದ್ದ ಮೇಲೆ ಏನೂ ಆಗುವುದಿಲ್ಲ ಅಂತ ಮಾವ ಹೇಳುತ್ತಿದ್ದರು. ನಾನು ಈಗಲೇ ಬರೆಯುತ್ತಿರುವುದು ಅದಕ್ಕೇ.

ಒಳ್ಳೆಯದನ್ನೂ ನೋಡಿದ್ದೇನೆ. ನನ್ನ ಮಗಳು ಬೆಂಗಳೂರಲ್ಲಿ ಇದ್ದಾಳೆ. ಮಲ್ಲೇಶ್ವರದ ಮಂತ್ರಿ ಮಾಲ್‌ಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಮೊದಲು ರಾಜಾ ಮಿಲ್ ಇತ್ತು, ಮಾಲ್ ಶುರುವಾಗಿದ್ದು 2010ರಲ್ಲಿ. ಮೆಟ್ರೋ ಸ್ಟೇಷನ್ ಅದಕ್ಕೆ ಅಂಟಿಕೊಂಡೇ ಇದೆ. ರೈಲಿಳಿದ ಜನ ಅಲ್ಲೇ ಬಂದು ಹೋಗುತ್ತಾರೆ. ಕೊಳ್ಳಲಿ ಬಿಡಲಿ, ಕಾಲಾಡಿದ ಕಡೆ ವ್ಯಾಪಾರ ತಾನಾಗಿ ಆಗುತ್ತದೆ. ಇದನ್ನು ಅಂಗಡಿ ನಡೆಸುವ ನಾನೇ ಹೇಳಬಲ್ಲೆ. ನಮ್ಮ ಓಣಿಯ ಮುನ್ನೂರು ಜನ ದಿನಾ ಎರಡು ಸಲ ಆ ಅಂಗಳ ದಾಟಿದರೆ ಒಳಗಿನ ಅಂಗಡಿಯವರಿಗೇ ಲಾಭ. ನಮ್ಮನ್ನು ಗೋಡೆಯಿಂದಾಚೆ ಇಟ್ಟರೆ ಅವರಿಗೇನು ಸಿಗುತ್ತದೆ?

ಗೇಟಿನ ಹೊರಗೆ ಕೂಡುವವರ ಮಾತೂ ಇದೆ. ಫ್ಯಾಕ್ಟರಿ ಇದ್ದಾಗಿನಿಂದ ಕಳಸಾಪುರ, ನಾಗಾವಿ ಕಡೆಯ ಹೆಂಗಸರು ಮುಂದಿನ ಗೇಟಿನ ಬಲಕ್ಕೆ ಬುಟ್ಟಿ ಇಟ್ಟುಕೊಂಡು ಕೂಡುತ್ತಾರೆ. ಹಕ್ಕರಕಿ, ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲು. ಆಗ ಪಾಳಿ ಬಿಟ್ಟ ಹೆಂಗಸರು ಕೊಳ್ಳುತ್ತಿದ್ದರು, ಈಗ ನಾವೆಲ್ಲ ಕೊಳ್ಳುತ್ತೇವೆ. ಫ್ಲೆಕ್ಸಿನ ಚಿತ್ರದಲ್ಲಿ ಆ ಜಾಗಕ್ಕೆ ಕಾರಂಜಿ ಬರೆದಿದ್ದಾರೆ. ಬೀದಿ ವ್ಯಾಪಾರಿಗಳ ಕಾಯ್ದೆ 2014ರಲ್ಲೇ ಬಂದಿದೆ. ಊರಿನ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ರಷ್ಟಾದರೂ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು ಅಂತ ಅದರಲ್ಲಿದೆ. ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿಸದೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಈ ಬುಟ್ಟಿಯ ಹೆಂಗಸರನ್ನು ಇದುವರೆಗೆ ಯಾರೂ ಬಂದು ಕೇಳಿಲ್ಲ. ನಾನೇ ಅವರನ್ನು ಮಾತಾಡಿಸಿ ಬಂದೆ.

ನಮ್ಮೂರು ಹತ್ತಿಯಿಂದ ಬೆಳೆದ ಊರು. ಹತ್ತಿ ವ್ಯಾಪಾರದ ಗೋದಾಮುಗಳಿದ್ದ ವಕಾರ ಸಾಲು ಅಂದರೆ ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ. ಆ ಕಟ್ಟಡಗಳು ತೆರವಾಗಿ ವರ್ಷಗಳಾದವು. ಹೊಲದಲ್ಲೂ ಹತ್ತಿ ಕಡಿಮೆಯಾಗಿ ಗೋವಿನಜೋಳ ಬಂತು. ಜಿನ್ನುಗಳು ಗುಜರಿಗೆ ಹೋದವು. ಅದಕ್ಕೆ ಅತ್ತು ಪ್ರಯೋಜನವಿಲ್ಲ. ಆದರೆ ಹತ್ತಿಯ ಇಂಥ ಜಾಗಗಳು ಒಂದೊಂದಾಗಿ ಬೇರೆ ಕೆಲಸಕ್ಕೆ ಹೋಗುತ್ತವೆ. ಮೊದಲನೆಯದನ್ನು ಹೇಗೆ ಕಟ್ಟುತ್ತಾರೋ ಉಳಿದವನ್ನೂ ಹಾಗೇ ಕಟ್ಟುತ್ತಾರೆ.

ಆದ್ದರಿಂದ ನಗರಸಭೆಯವರಲ್ಲಿ, ಯೋಜನೆಗೆ ಮಂಜೂರಾತಿ ಕೊಡುವವರಲ್ಲಿ ಕೈಮುಗಿದು ಕೇಳುತ್ತೇನೆ. ಹಿಂದಿನ ಗೇಟಿನಿಂದ ಮುಂದಿನ ಗೇಟಿನ ತನಕ ಒಂದು ಸಾರ್ವಜನಿಕ ದಾರಿ ಬಿಡಿಸಿ. ಅಗ್ನಿಶಾಮಕ ಗಾಡಿ ಹೋಗುವಷ್ಟು ಅಗಲ ಇರಲಿ. ರಾತ್ರಿ ದೀಪ ಇರಲಿ, ಬೀಗ ಬೇಡ. ಆ ದಾರಿಯ ಒಂದು ಬದಿಗೆ ಬುಟ್ಟಿಯ ಹೆಂಗಸರಿಗೆ ನೆರಳಿನ ಕಟ್ಟೆ ಕಟ್ಟಿಸಿ. ಜನರೇಟರ್ ಬೇರೆ ಕಡೆ ಇಡಿಸಿ, ನಮ್ಮ ಮನೆಗಳ ಅಡುಗೆ ಕಿಟಕಿ ಅದೇ ಗೋಡೆಗಿವೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಜಾಗದ ಬಳಕೆ ಬದಲಿಸುವಾಗ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು ಅಂತಿದೆ. ಆ ಪ್ರಕಟಣೆಯ ಒಂದು ಪ್ರತಿಯನ್ನು ಹಿಂದಿನ ಗೇಟಿಗೂ ಅಂಟಿಸಿ. ನಮ್ಮಲ್ಲಿ ಎಲ್ಲರ ಮನೆಗೂ ಪೇಪರ್ ಬರುವುದಿಲ್ಲ.

ನಾವು ಅರ್ಜಿ ಬರೆದಿಟ್ಟಿದ್ದೇವೆ. ಇದುವರೆಗೆ ನಲವತ್ತೊಂದು ಮನೆಯವರು ಸಹಿ ಮಾಡಿದ್ದಾರೆ. ಮೊದಲು ಹೆಬ್ಬೆಟ್ಟು ಒತ್ತಿದ್ದು ಅವ್ವ. ಅವಳಿಗೀಗ ಎಂಬತ್ತಮೂರು. ಬುಟ್ಟಿಯ ಹೆಂಗಸರು ಗುರುವಾರ ಬಂದು ಒತ್ತುತ್ತೇವೆ ಅಂದಿದ್ದಾರೆ. ಅರ್ಜಿ ನನ್ನ ಹೊಲಿಗೆ ಅಂಗಡಿಯಲ್ಲಿದೆ, ಸಂಜೆ ಎಂಟರ ತನಕ ತೆರೆದಿರುತ್ತದೆ. ಆ ಫ್ಯಾಕ್ಟರಿಯಲ್ಲಿ ದುಡಿದವರು, ಅವರ ಮಕ್ಕಳು ಎಲ್ಲೇ ಇರಲಿ, ಬಂದು ಸಹಿ ಮಾಡಿ.

ಇಂತಿ,
ಜಿನ್ನಿಂಗ್ ಕೆಲಸದವಳ ಮಗಳು, ಗದಗ