ಆಕಾರವಿಲ್ಲದ ಪ್ರೋಟೀನ್ ಬಗ್ಗೆ ಸಿಂಧುಗೆ

ಪ್ರೀತಿಯ ಸಿಂಧು,

ಪತ್ರ ಬಂತು. ಮನೆ ಸುದ್ದಿಯೆಲ್ಲ ನಿನಗೆ ಫೋನಿನಲ್ಲೇ ಗೊತ್ತಾಗಿರುತ್ತದೆ, ಅದನ್ನು ಬಿಡುತ್ತೇನೆ. ನಿನ್ನ ಅಷ್ಟುದ್ದದ ಪತ್ರದಲ್ಲಿ ನನ್ನನ್ನು ಕಾಡಿದ್ದು ಒಂದೇ ಸಾಲು. "ದೊಡ್ಡಮ್ಮ, ನನ್ನ ಪ್ರೋಟೀನಿಗೆ ಆಕಾರವೇ ಇಲ್ಲ, ಅಂದ್ಮೇಲೆ ಕೆಲಸವೂ ಇರಲ್ಲ. ಕಸ ಹಿಡಿದು ಕೂತಿದ್ದೀನಿ ಅನ್ಸುತ್ತೆ." ಮಲಗಿದ ಮೇಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು.

ಹಾಗನ್ನಿಸುವುದು ನಿನ್ನ ತಪ್ಪಲ್ಲ. ನಮಗೆಲ್ಲ ಕಲಿಸಿದ್ದೇ ಹಾಗೆ. 1894ರಲ್ಲಿ ಎಮಿಲ್ ಫಿಷರ್ ಬೀಗ-ಕೀಲಿಯ ಮಾತು ಹೇಳಿದರು: ಬೀಗಕ್ಕೆ ಕೀಲಿಯ ಹಾಗೆ ಕಿಣ್ವಕ್ಕೂ ಅದು ಹಿಡಿಯುವ ವಸ್ತುವಿಗೂ ಆಕಾರ ಹೊಂದಬೇಕು ಅಂತ. ಆಮೇಲೆ ಆನ್‌ಫಿನ್ಸೆನ್ ರೈಬೋನ್ಯೂಕ್ಲಿಯೇಸ್ ಪ್ರಯೋಗ ತೋರಿಸಿದರು. ಅದು ಆರ್‌ಎನ್‌ಎ ಕತ್ತರಿಸುವ ಕಿಣ್ವ, 124 ಅಮೈನೋ ಆಮ್ಲಗಳ ಸರ. ಯೂರಿಯಾ, ಮರ್ಕ್ಯಾಪ್ಟೋಎಥನಾಲ್ ಹಾಕಿ ಅದನ್ನು ಬಿಡಿಸಿದರೆ ಆರ್‌ಎನ್‌ಎ ಕತ್ತರಿಸುವುದು ನಿಂತುಹೋಗುತ್ತದೆ. ಎರಡನ್ನೂ ತೆಗೆದರೆ ತಾನಾಗಿಯೇ ಮಡಚಿಕೊಂಡು ಮತ್ತೆ ಕೆಲಸ ಶುರು. ಸರದಲ್ಲಿರುವ ಎಂಟು ಸಿಸ್ಟೀನ್ ಅಮೈನೋ ಆಮ್ಲಗಳು ಜೋಡಿಯಾಗಲು 105 ದಾರಿಗಳಿದ್ದರೂ ಸರಿಯಾದ ಒಂದನ್ನೇ ಹಿಡಿಯುತ್ತದೆ! ಈ ಪಾಠ ಮಾಡುವಾಗ ನನಗೆ ಪ್ರತಿ ವರ್ಷವೂ ಹೊಸ ಖುಷಿ.

ಅದು ಸುಳ್ಳೂ ಅಲ್ಲ. ಹಿಮೋಗ್ಲೋಬಿನ್ನಿನ ಬೀಟಾ ಸರದ 146 ಅಮೈನೋ ಆಮ್ಲಗಳಲ್ಲಿ ಆರನೆಯದು ಗ್ಲುಟಮೇಟ್ ಬದಲು ವ್ಯಾಲಿನ್ ಆದರೆ ಸಾಕು. ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಒಂದಕ್ಕೊಂದು ಅಂಟಿ ಉದ್ದುದ್ದ ಎಳೆಗಳಾಗಿ, ರಕ್ತಕಣವೇ ಕುಡಗೋಲಿನ ಹಾಗೆ ಬಾಗುತ್ತದೆ. ಆಕಾರಕ್ಕೆ ಬೆಲೆ ಇದೆ, ಒಪ್ಪಿದೆ. ಆದರೆ ಆಕಾರ ಇಲ್ಲದ್ದಕ್ಕೆಲ್ಲ ಬೆಲೆ ಇಲ್ಲ ಅಂತ ಯಾರು ಹೇಳಿದರು?

ಮೊಟ್ಟೆಯ ಬಿಳಿ ಕಾಯಿಸಿದರೆ ಗಟ್ಟಿಯಾಗುತ್ತದೆ. ಅದರ ಪ್ರೋಟೀನುಗಳ ಮಡಿಕೆ ಬಿಚ್ಚಿ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಹಾಲು ಮಾತ್ರ ಉಕ್ಕಿ ಬಂದರೂ ಹಾಲೇ. ಅದರ ಕೇಸಿನ್ ಅನ್ನುವ ಪ್ರೋಟೀನಿಗೆ ಬಿಚ್ಚಿಹೋಗಲು ಬಿಗಿಯಾದ ಮಡಿಕೆಯೇ ಇಲ್ಲ. ಹಾಗಂತ ಕೆಲಸ ಇಲ್ವಾ? ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲುಗಟ್ಟದ ಹಾಗೆ ಹಿಡಿದುಕೊಂಡು ಮಗುವಿಗೆ ತಲುಪಿಸುವುದು ಅದೇ.

ಇಷ್ಟೊಂದು ಕಳವಳ ಯಾಕೆ ಅಂದರೆ, ನಾನು ಲ್ಯಾಬ್ ಬಿಟ್ಟಿದ್ದೂ ಇದೇ ಮಾತಿಗೆ. ನಿಮ್ಮಮ್ಮನಿಗೂ ಹೇಳಿಲ್ಲ. ಮನೆಯವರೆಲ್ಲ ಮದುವೆಗೋಸ್ಕರ ಬಿಟ್ಟೆ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ. ಆಕಾರ ನೋಡಲು ಪ್ರೋಟೀನನ್ನು ಹರಳಾಗಿಸಬೇಕಿತ್ತು, ನನ್ನದೂ ಹರಳಾಗಲಿಲ್ಲ. ಪ್ರತಿ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಂದು ಬಣ್ಣದ ಗಷ್ಟು. ನನ್ನ ಕೈಯೇ ಸರಿಯಿಲ್ಲ ಅಂತ ಮನಸ್ಸಿಗೆ ಬಂದುಬಿಟ್ಟಿತು. ಯಾರೂ ಬೈದಿರಲಿಲ್ಲ, ಪಾಪ. ಪಾಠ ಮಾಡುವ ಕೆಲಸ ಸಿಕ್ಕಿತು, ಹೋದೆ. ಅದರಲ್ಲಿ ಸುಖವಾಗಿಯೇ ಇದ್ದೆ. ಆದರೂ ಮೊನ್ನೆ ಮೊನ್ನೆ ಸುಮ್ನೆ, ಪ್ರೋಟೀನಿನ ಆಕಾರ ಊಹಿಸುವ ಕಂಪ್ಯೂಟರ್ ತಂತ್ರ ಆಲ್ಫಾಫೋಲ್ಡ್‌ನಲ್ಲಿ ಅದರ ಹೆಸರು ಹಾಕಿ ನೋಡಿದೆ. ನಡುವೆ ನೀಲಿ ಬಣ್ಣದ ಚೊಕ್ಕ ಮಡಿಕೆ. ಎರಡೂ ತುದಿಯಲ್ಲಿ ಕಿತ್ತಳೆ ಬಣ್ಣದ ಉದ್ದ ಬಾಲಗಳು, ಎಲ್ಲೆಂದರಲ್ಲಿ ತೂಗಾಡುತ್ತಿವೆ. ಹರಳಾಗಲು ಬಿಡದಿದ್ದದ್ದು ಆ ಬಾಲಗಳೇ ಇರಬೇಕು. ಪರದೆ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ.

ಮತ್ತೆ ನಿನ್ನ ಸಾಲಿಗೇ ಬರುತ್ತೇನೆ. ಪಿ27 ಅನ್ನುವ ಪ್ರೋಟೀನ್ ನೋಡು. ಒಂಟಿಯಾಗಿದ್ದಾಗ ಸಡಿಲ ದಾರ. ಕೋಶವನ್ನು ಎರಡಾಗಲು ತಳ್ಳುವ ಸೈಕ್ಲಿನ್-ಸಿಡಿಕೆ2 ಪ್ರೋಟೀನ್ ಜೋಡಿ ಸಿಕ್ಕರೆ ಅದನ್ನು ತಬ್ಬಿಕೊಂಡು, ಆ ಜೋಡಿಗೆ ಬೇಕಾದ ಎಟಿಪಿ ಅಣು ಕೂರುವ ಜಾಗಕ್ಕೇ ತನ್ನದೊಂದು ತುಣುಕು ತೂರಿಸಿ, ಕೋಶ ವಿಭಜನೆಯನ್ನೇ ತಡೆಯುತ್ತದೆ. 1996ರಲ್ಲಿ ಆ ಅಪ್ಪುಗೆಯ ರಚನೆ ಹರಳಿನಲ್ಲೇ ಸಿಕ್ಕಿತು. ಪಿ53 ಅನ್ನುವ ಇನ್ನೊಂದು ಪ್ರೋಟೀನಿನ ಬಾಲದ ಒಂದೇ ತುಣುಕು ಒಬ್ಬರ ಜೊತೆ ಹೆಲಿಕ್ಸ್ ಎಂಬ ಸುರುಳಿ, ಇನ್ನೊಬ್ಬರ ಜೊತೆ ಚಾಚಿದ ಬೀಟಾ ಎಳೆ. ಬಿಗಿಯಾಗಿ ಮಡಚಿಕೊಂಡಿದ್ದರೆ ಇಷ್ಟು ಜನರ ಜೊತೆ ಹೊಂದಿಕೊಳ್ಳಲು ಆಗುತ್ತಿತ್ತಾ?

ನಾನು ಹೇಳುವುದು ಹಳೇ ಕಾಲದ್ದಾದರೆ ಬಿಟ್ಟುಬಿಡು. ಒಂದಷ್ಟು ಪ್ರೋಟೀನ್ 95 ಡಿಗ್ರಿಗೆ ಕಾಯಿಸಿ ಸೆಂಟ್ರಿಫ್ಯೂಜ್ ಮಾಡು. ಮಡಿಕೆ ಇರುವವು ಹೆಚ್ಚಾಗಿ ತಳಕ್ಕಿಳಿಯುತ್ತವೆ. ನಿನ್ನದು ಮೇಲೆ ತಿಳಿಯಲ್ಲೇ ಉಳಿದರೆ ಅದೂ ಒಂದು ಸುಳಿವು. ತೂಕ ನೋಡುವ ಜೆಲ್‌ನಲ್ಲಿ ಇರಬೇಕಾದ ತೂಕಕ್ಕಿಂತ ಮೇಲೆ ನಿಂತರೆ ಹೆದರಬೇಡ, ಇಂಥವು ಹಾಗೇ. ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವ ಪ್ರೋಟಿಯೇಸ್ ಇನ್‌ಹಿಬಿಟರ್ ಮರೆಯಬೇಡ, ಸಡಿಲ ಸರ ಬೇಗ ತುಂಡಾಗುತ್ತದೆ. ಇದೆಲ್ಲ ನಿನಗೆ ಗೊತ್ತಿರುತ್ತದೆ, ನಾನೇ ಜಾಸ್ತಿ ಮಾತಾಡುತ್ತಿದ್ದೇನೆ.

ಕಸ ಅಂತ ಮಾತ್ರ ಬರೆಯಬೇಡ. ಅದರ ಜೊತೆಗಾರ ಯಾರು ಅಂತ ಹುಡುಕಿದ್ದೀಯಾ? ಪತ್ರದಲ್ಲಿ ಆ ಮಾತೇ ಇಲ್ಲ. ಹರಳಿನ ಟ್ರೇಗಳನ್ನು ಸ್ವಲ್ಪ ದಿನ ಬದಿಗಿಟ್ಟು ಸಿಡಿ ಸ್ಪೆಕ್ಟ್ರಮ್ ತೆಗೆ, ಬೆಳಕು ಹಾಯಿಸಿ ಮಡಿಕೆ ಇದೆಯೋ ಇಲ್ಲವೋ ನೋಡುವ ಪರೀಕ್ಷೆ. ಬಫರಿನಲ್ಲಿ ಕ್ಲೋರೈಡ್ ಬೇಡ, ಫಾಸ್ಫೇಟ್ ಇರಲಿ, ಇಲ್ಲವಾದರೆ 200 ನ್ಯಾನೋಮೀಟರ್ ಹತ್ತಿರ ಏನೂ ಕಾಣಲ್ಲ. ತಗ್ಗು ಅಲ್ಲೇ ಬಂದು, 222ರಲ್ಲಿ ಹೆಚ್ಚೇನೂ ಇಲ್ಲದಿದ್ದರೆ ಅದು ಸಡಿಲ ಸರದ ಗುರುತು; ಆ ಗ್ರಾಫ್ ಮೊದಲು ನಿನ್ನ ಗೈಡ್‌ಗೆ ತೋರಿಸು, ಆಮೇಲೆ ನನಗೂ ಒಂದು ಕಳಿಸು.

ನಿನ್ನ ದೊಡ್ಡಮ್ಮ