ಗಜನಿಯಲ್ಲಿ ಅಗಸೆ ಬಿತ್ತಿಸಿದ ಸಾಹೇಬರಿಗೆ

ಮಾನ್ಯ ಸಂಪಾದಕರೇ,

ಗಜನಿಯಲ್ಲಿ, ಅಂದರೆ ಉಬ್ಬರದ ಉಪ್ಪುನೀರು ಹತ್ತುವ ಹೊಳೆದಂಡೆಯ ತಗ್ಗು ಗದ್ದೆಯಲ್ಲಿ, ಹಿಂಗಾರಿಗೆ ಅಗಸೆ ಬೆಳೆದು ದುಡ್ಡು ಮಾಡಬಹುದು ಎಂಬ ನಿಮ್ಮ ಮೊನ್ನೆಯ ವರದಿ ಓದಿದೆ. ಕೃಷಿ ಕಚೇರಿಯ ಸಾಹೇಬರ ಮಾತು ಕೇಳಿ ಅದೇ ಬೀಜ ಬಿತ್ತಿಕೊಂಡು ಕೂತವರಲ್ಲಿ ನಾನೂ ಒಬ್ಬ. ನಮ್ಮ ಗದ್ದೆ ಕಡೆಗೂ ಒಮ್ಮೆ ಯಾರಾದರೂ ಬಂದಿದ್ದರೆ ಚೆನ್ನಾಗಿತ್ತು.

ಒಳ್ಳೆ ಮಣ್ಣಾದರೆ ಅಗಸೆ ಒಂದು ವಾರದ ಆಸುಪಾಸಿನಲ್ಲಿ ಮೇಲೇಳುತ್ತದೆ. ನಮ್ಮಲ್ಲಿ ಅಷ್ಟು ಕಳೆದರೂ ನೆಲ ಬೋಳು. ಕೆದಕಿ ನೋಡಿದರೆ ಎಷ್ಟೋ ಬೀಜ ಲೋಳೆ ಬಿಟ್ಟುಕೊಂಡು ಹಾಗೇ ಬಿದ್ದಿವೆ. ಕೆಲವು ಮೊಳಕೆಯೊಡೆದಿವೆ, ಆದರೆ ಬೇರು ಗಿಡ್ಡವಾಗಿ ತುದಿ ಕಂದಿದೆ. ಅಲ್ಲೊಂದು ಇಲ್ಲೊಂದು ಎದ್ದ ಸಸಿಯ ಎಲೆ ಸುಟ್ಟಂತಾಗಿದೆ. ಬಿಸಿಲೇರಿದರೆ ನೆಲದ ಮೇಲೆ ಬೆಳ್ಳಗೆ ಉಪ್ಪು.

ಮಣ್ಣಿನ ನೀರಲ್ಲಿ ಉಪ್ಪು ಜಾಸ್ತಿಯಾದರೆ ಬೀಜ ಒದ್ದೆಯಲ್ಲೇ ಇದ್ದರೂ ಬೇಕಾದಷ್ಟು ನೀರು ಹೀರಲಾರದು. ಹೀರಿದ್ದರ ಜೊತೆ ಸೋಡಿಯಂ, ಕ್ಲೋರೈಡ್ ಒಳಗೆ ಹೋಗಿ ಎಳೆ ಬೇರನ್ನು ಕೆಡಿಸುತ್ತವೆ. ಮಣ್ಣು ನೆನೆಸಿ ತೆಗೆದ ನೀರಿನ ಇ.ಸಿ. (ವಿದ್ಯುತ್ ವಾಹಕತೆ, ಅಂದರೆ ಉಪ್ಪಿನಂಶದ ಅಳತೆ) ಮೀಟರಿಗೆ 1.7 ಡೆಸಿಸೀಮೆನ್ಸ್ ದಾಟಿದರೆ ಸಾಕು, ಅಗಸೆಯ ಇಳುವರಿ ಇಳಿಯಲು ಶುರು. ಆಮೇಲೆ ಒಂದೊಂದು ಅಂಕಿ ಏರಿದಂತೆ ಸುಮಾರು ಶೇ 12ರಷ್ಟು ಖೋತಾ. ಸಮುದ್ರದ ನೀರಿನದ್ದು 50ರ ಹತ್ತಿರ! ಇದೆಲ್ಲ ಸಾಹೇಬರು ಓದಿದ ಪುಸ್ತಕದಲ್ಲೇ ಇರುವುದು. ಮಳೆ ಉಪ್ಪು ತೊಳೆಯುವ ಹೊತ್ತಿಗೆ ಉಪ್ಪು ತಾಳುವ ಕಗ್ಗ ಭತ್ತ ಬಿತ್ತಬೇಕು, ಮಳೆ ಹೋದ ಮೇಲೆ ಉಪ್ಪು ಮತ್ತೆ ಮೇಲೇರುತ್ತದೆ ಎಂದು ನಮ್ಮ ಅಜ್ಜನಿಗೆ ಪುಸ್ತಕ ಇಲ್ಲದೆಯೇ ಗೊತ್ತಿತ್ತು. ಧಾರವಾಡದ ಎರೆಮಣ್ಣಿನ ಬೆಳೆಯನ್ನು ಅಘನಾಶಿನಿ ದಂಡೆಗೆ ತರುವ ಮೊದಲು ಒಂದು ಹಿಡಿ ಮಣ್ಣು ಪರೀಕ್ಷೆ ಮಾಡಿಸಲು ಏನು ಧಾಡಿ?

ಟ್ರ್ಯಾಕ್ಟರ್ ಬಾಡಿಗೆ ಹೋಯಿತು. ಆಳಿನ ಕೂಲಿ ಹೋಯಿತು. ಉಳಿದ ಬೀಜಕ್ಕೆ ಔಷಧ ಹಚ್ಚಿದ್ದಾರೆ, ಚಟ್ನಿಪುಡಿಗೂ ಆಗುವುದಿಲ್ಲ. ಕೆಲಸ ಬಿಟ್ಟು ಕಚೇರಿಗೆ ಹೋದರೆ ಸಾಹೇಬರು ಮೀಟಿಂಗ್‌ನಲ್ಲಿ. ಕೊನೆಗೆ ಸಿಕ್ಕವರು ನೀರು ಜಾಸ್ತಿ ಕೊಡಿ ಎಂದರು. ಯಾವ ನೀರು ಸ್ವಾಮಿ? ನಮ್ಮ ಬಾವಿಯೂ ಉಪ್ಪೇ ಅಲ್ವಾ!

ಉಪ್ಪು ಬಂದದ್ದಾದರೂ ಎಲ್ಲಿಂದ? ಹೊಳೆಯ ಉಪ್ಪುನೀರು ತಡೆಯುವ ಒಡ್ಡು ಬಿರುಕು ಬಿಟ್ಟಿದೆ, ಅದರ ಬಾಗಿಲ ಹಲಗೆ ಲಡ್ಡಾಗಿದೆ ಎಂದು ಅರ್ಜಿ ಕೊಟ್ಟು ಕೊಟ್ಟು ಸಾಕಾಯಿತು. ಟೇಪು ಹಿಡಿದು ಅಳೆದರು, ಚಹಾ ಕುಡಿದರು, ಹೋದರು. ಹುಣ್ಣಿಮೆ ಭರತಿಗೆ, ಅಂದರೆ ಸಮುದ್ರದ ಉಬ್ಬರಕ್ಕೆ, ನೀರು ಸೀದಾ ಗದ್ದೆಗೆ. ಅದು ಸಾಲದು ಎಂದು ಸಿಗಡಿ ಸಾಕುವವರು ಉಪ್ಪುನೀರು ಬರಲೆಂದು ರಾತ್ರಿ ಹಲಗೆ ಎತ್ತುತ್ತಾರೆ. ದೂರು ಕೊಟ್ಟರೆ ನೀವು ನೀವೇ ಮಾತಾಡಿಕೊಳ್ಳಿ ಅನ್ನುತ್ತಾರೆ.

ನಮಗೆ ಪರಿಹಾರ ಕೊಡಲಿ, ಇಲ್ಲವೇ ಒಡ್ಡು ಕಟ್ಟಲಿ. ಎರಡೂ ಮಾಡಿದರೆ ಬೇಡ ಅನ್ನುವವರಿಲ್ಲ. ಏನೋ ಒಂದು ಮಾಡಲಿ. ತಿಂಗಳಾದರೆ ಸಂಬಳ ಎಣಿಸಿಕೊಳ್ಳುವವರಿಗೆ ಇಷ್ಟನ್ನೂ ನಾವೇ ಹೇಳಿಕೊಡಬೇಕಾ?

– ಒಬ್ಬ ಗಜನಿ ರೈತ, ಕುಮಟಾ ತಾಲ್ಲೂಕು